ವೈನಿಯ ಜಪಾನಿ ಗೌರವ್ವ

ನಮ್ಮ ವೈನಿ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಿದವರಲ್ಲ. ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಉಳಿದವರು ಅತ್ತಿಗೆ ಎಂದುಕೊಳ್ಳಬಹುದು. ಕಾದಂಬರಿ ಕೈಗೆ ಬಂದರೆ ಕೊನೆಯ ಪುಟ ತೆರೆದು ಯಾರು ಸತ್ತರು, ಯಾರು ಉಳಿದರು ಎಂದು ನೋಡುತ್ತಾರೆ. ಸತ್ತವರು ಒಳ್ಳೆಯವರಾಗಿದ್ದರೆ ಆ ಪುಸ್ತಕದ ಸಂಬಂಧ ಅಲ್ಲಿಗೇ ಮುಗಿಯಿತು. ದಿನಪತ್ರಿಕೆಯನ್ನೂ ಹಿಂದಿನ ಪುಟದಿಂದಲೇ ಶುರು ಮಾಡುತ್ತಾರೆ. ಮುಖಪುಟ ಮುಟ್ಟುವ ಹೊತ್ತಿಗೆ ಕುಕ್ಕರ್ ಕೂಗುವುದರಿಂದ, ಈ ರಾಜ್ಯವನ್ನು ಯಾರು ಆಳುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ತುಸು ತಡವಾಗಿ ಮುಟ್ಟುತ್ತದೆ. ಲಗ್ನಪತ್ರಿಕೆ ಬಂದರೂ ಅಷ್ಟೆ: ಮೊದಲು ಕೆಳಗೆ ಊಟ ಎಲ್ಲಿ ಎಂದು ನೋಡಿ, ಆಮೇಲೆ ಮೇಲೇರಿ ಮದುವೆ ಯಾರದು ಎಂದು ತಿಳಿದುಕೊಳ್ಳುತ್ತಾರೆ.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಹೇಳುವವನು. ‘ಪುಸ್ತಕವನ್ನು ಓದುವ ಕ್ರಮ’ ಎಂಬ ನನ್ನ ಭಾಷಣವನ್ನು ಪ್ರತಿ ವರ್ಷ ಹೊಸ ಮಕ್ಕಳ ಮೇಲೆ ಪ್ರಯೋಗಿಸುತ್ತೇನೆ. ಅದೇ ಭಾಷಣವನ್ನು ವೈನಿಯ ಮೇಲೂ ಪ್ರಯೋಗಿಸಿ ನೋಡಿದ್ದೆ.

“ಹೆಂಗ ಓದಿದ್ರೇನು ಮಾಸ್ತರ? ಯಾವ ಬಾಗಲದಿಂದ ಬಂದ್ರೂ ಮನಿ ಒಂದ ಇರ್ತೈತಿಲ್ಲೋ?” ಎಂದರು.

ನಾನು ಮಾಸ್ತರನಲ್ಲ, ಉಪನ್ಯಾಸಕ. ಇದನ್ನೂ ಅವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಅಣ್ಣನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮನೆಯ ಹಿಂದೆ ತಗಡಿನ ಶೆಡ್ಡು ಇದೆ. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರ ಮೇಲ್ವಿಚಾರಣೆ ವೈನಿಯದು. ಒಮ್ಮೆ ಧಾರವಾಡದಲ್ಲಿ ಓದುವ ಅಣ್ಣನ ಮಗಳು ರಜೆಗೆ ಬಂದು ಹೋಗುವಾಗ ಮಂಚದ ಮೇಲೆ ಒಂದು ಪುಸ್ತಕ ಮರೆತು ಹೋದಳು. ಕೈಯಗಲದ ದಪ್ಪ ಪುಸ್ತಕ. ಒಳಗೆಲ್ಲ ಕಪ್ಪು ಬಿಳುಪಿನ ಚಿತ್ರ. ಜಪಾನಿನ ಕಥೆ, ಇಂಗ್ಲಿಷಿಗೆ ಅನುವಾದ ಆದದ್ದು. ಇಂಥ ಚಿತ್ರಕಥೆಗೆ ಮಾಂಗಾ ಎನ್ನುತ್ತಾರೆ ಎಂದು ಆಕೆ ಫೋನಿನಲ್ಲಿ ಹೇಳಿದಳು. ಅಣ್ಣ ಆ ಹೆಸರು ಕೇಳಿ ಪುಸ್ತಕ ತರಿಸಿಕೊಂಡು, ಎಲ್ಲ ಪುಟ ಮಗುಚಿ, “ಒಂದರ ಮಂಗ್ಯಾ ಇಲ್ಲಲ್ಲ ಇದರಾಗ” ಎಂದು ವಾಪಸು ಕೊಟ್ಟ.

ವೈನಿ ತಮ್ಮ ರೂಢಿಯಂತೆ ಅದನ್ನು ಹಿಂದಿನಿಂದ ತೆರೆದರು. ದೇವರಿಗೂ ಕೆಲವೊಮ್ಮೆ ತಮಾಷೆ ಬೇಕಾಗುತ್ತದೆ ನೋಡಿ. ಜಪಾನಿಗಳು ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ನಮ್ಮ ಹಿಂದಿನ ರಟ್ಟು ಅವರಿಗೆ ಮುಂದಿನ ರಟ್ಟು. ಹೀಗಾಗಿ ವೈನಿ ತಮಗೆ ತಿಳಿಯದಂತೆ, ಬದುಕಿನಲ್ಲಿ ಮೊಟ್ಟಮೊದಲ ಸಲ, ಒಂದು ಪುಸ್ತಕವನ್ನು ಮೊದಲ ಪುಟದಿಂದ ಓದಿಬಿಟ್ಟರು.

ಕಥೆ ಇಷ್ಟೆ. ಗುಡ್ಡಗಾಡಿನ ಸಣ್ಣ ರೈಲು ನಿಲ್ದಾಣ. ಅಲ್ಲೊಬ್ಬ ಮುದುಕನ ಶ್ಯಾವಿಗೆ ಅಂಗಡಿ. ಜಪಾನಿನಲ್ಲಿ ಶ್ಯಾವಿಗೆಯನ್ನು ಬಿಸಿ ಸಾರಿನಲ್ಲಿ ಹಾಕಿಕೊಂಡು ಉಣ್ಣುತ್ತಾರಂತೆ. ಊರು ಬಿಟ್ಟು ಬಂದ ಒಬ್ಬ ಹುಡುಗಿ ಅಲ್ಲಿ ರೈಲು ತಪ್ಪಿಸಿಕೊಂಡು, ಅಂಗಡಿಯಲ್ಲೇ ಕೆಲಸಕ್ಕೆ ನಿಲ್ಲುತ್ತಾಳೆ. ಮುದುಕನಿಗೆ ಮಾತು ಕಡಿಮೆ, ಸಿಟ್ಟು ಹೆಚ್ಚು. ಆಕೆ ಮಾಡಿದ ಸಾರನ್ನು ಮೂಸಿ ನೋಡಿ ಮೋರಿಗೆ ಸುರಿಯುತ್ತಾನೆ. ಹುಡುಗಿಯ ಹೆಸರು ವೈನಿಯ ನಾಲಿಗೆಗೆ ಒಗ್ಗಲಿಲ್ಲ. ಗೌರವ್ವ ಎಂದು ಹೊಸ ಹೆಸರಿಟ್ಟರು. ಮುದುಕ ಬರೀ ಅಜ್ಜ.

ವೈನಿ ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ. ಅರ್ಥ ಬೇಕಾದಾಗ ನನಗೆ ಫೋನು. ಒಂದು ದಿನ ನಾನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ನಡುವೆ ಕುಳಿತಿದ್ದಾಗ ಫೋನು ಬಂತು.

“ಮಾಸ್ತರ, ಬ್ರಾಥ್ ಅಂದ್ರೇನು?”

ನನ್ನ ಇಂಗ್ಲಿಷು ವೈನಿಯದಕ್ಕಿಂತ ಹೆಚ್ಚು ದೂರ ಹೋದದ್ದಲ್ಲ. ಆದರೆ ಪಕ್ಕದಲ್ಲಿ ಇಂಗ್ಲಿಷ್ ಉಪನ್ಯಾಸಕರು ಕಿವಿ ನಿಮಿರಿಸಿ ಕುಳಿತಿರುವಾಗ ಗೊತ್ತಿಲ್ಲ ಎನ್ನುವುದು ಹೇಗೆ? ದನಿ ತಗ್ಗಿಸಿ, “ಬ್ರದರ್ ಅನ್ನೂದನ್ನ ಸಣ್ಣದ ಮಾಡ್ಯಾರ್ರಿ ವೈನಿ. ಈಗಿನ ಹುಡುಗೂರು ಹಂಗ ಮಾತಾಡ್ತಾವು” ಎಂದೆ.

ಮುಂದಿನ ವಾರ ವೈನಿಯ ದನಿ ನಡುಗುತ್ತಿತ್ತು.

“ಈ ಪುಸ್ತಕ ಚಲೋ ಇಲ್ಲ ಬಿಡು. ಆ ಮುದುಕ ದಿನಾ ಗೌರವ್ವನ ತಮ್ಮನ ರುಚಿ ನೋಡ್ತಾನ, ಆಮ್ಯಾಲೆ ಮೋರಿಗೆ ಸುರೀತಾನ. ಒಮ್ಮೆ ಉಪ್ಪು ಕಡಿಮಿ ಆಗೈತಿ ಅಂದಾನ. ಚಿತ್ರದಾಗ ನೋಡಿದ್ರ ಬರೇ ಬಟ್ಟಲ ಐತಿ, ತಮ್ಮ ಎಲ್ಲೂ ಕಾಣವಲ್ಲ.”

ಬ್ರಾಥ್ ಎಂದರೆ ಸಾರು ಎಂದು ಧಾರವಾಡದಿಂದ ಮಗಳು ತಿಳಿಸಿದ ಮೇಲೆ ಗೌರವ್ವನ ತಮ್ಮನಿಗೆ ಬಿಡುಗಡೆಯಾಯಿತು. ಅಂದಿನಿಂದ ವೈನಿ ನನಗೆ ಅರ್ಥ ಕೇಳಲು ಫೋನು ಮಾಡಿಲ್ಲ.

ಆದರೆ ಕಥೆ ಹೇಳಲು ಮಾಡುತ್ತಿದ್ದರು. ನಾನು ಅರ್ಧ ಕಿವಿಯಲ್ಲಿ ಕೇಳಿ ಹೂಂಗುಟ್ಟುತ್ತಿದ್ದೆ. ಮುಂದಿನ ಭಾಗಗಳನ್ನು ಒಂದೊಂದಾಗಿ ಕೊರಿಯರ್ ಮೂಲಕ ತರಿಸಿಕೊಂಡರು. ತಾವು ಓದಿದ್ದನ್ನು ಶೆಡ್ಡಿನಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೆಣ್ಣುಮಕ್ಕಳಿಗೆ ಹೇಳುತ್ತಿದ್ದರು. ಜಪಾನಿನ ಹಿಮ, ಬ್ಯಾಡಗಿಯ ಘಾಟು, ನಡುನಡುವೆ ಸೀನು. ಕೆಲವರು ಗೌರವ್ವ ವೈನಿಯ ತವರಿನ ಕಡೆಯವಳೆಂದೇ ತಿಳಿದಿದ್ದರು. ಒಮ್ಮೆ ಅಣ್ಣ ಒಳಗೆ ಬಂದು ನೋಡಿದರೆ ಮೆಣಸಿನಕಾಯಿಯ ರಾಶಿ ಹಾಗೇ ಇದೆ, ಎಲ್ಲರ ಕೈ ನಿಂತಿವೆ.

“ಕಥಿ ಸಾಕ್ರಿ, ತೊಟ್ಟು ಹಂಗ ಉಳದಾವು” ಎಂದ.

“ನಾವು ಬಿಡಸ್ತೇವಿ ಬಿಡ್ರಿ ಯಜಮಾನ್ರ,” ಎಂದಳು ಅವರಲ್ಲಿ ಹಿರಿಯಳಾದ ಒಬ್ಬಾಕೆ. “ಮೊದಲ ಆ ಮುದುಕಗ ಯಾರರ ಬುದ್ಧಿ ಹೇಳ್ರಿ. ಹುಡುಗಿ ತಾಯಿ ಇಲ್ಲದ ಕೂಸೈತಿ.”

ಅಣ್ಣ ದಲಾಲಿ ವ್ಯಾಪಾರದಲ್ಲಿ ಎಷ್ಟೋ ಜಗಳ ಬಿಡಿಸಿದವನು. ಜಪಾನಿನ ಮುದುಕನಿಗೆ ಏನು ಹೇಳುವುದೆಂದು ತಿಳಿಯದೆ ಅಂಗಡಿಗೆ ಹೋದ.

ವೈನಿ ಬರೀ ಓದುಗರಲ್ಲ, ತಿದ್ದುಗರು ಕೂಡ. ಗೌರವ್ವನ ಹಣೆ ಖಾಲಿ ಇರುವುದು ಅವರಿಗೆ ಸರಿಬೀಳಲಿಲ್ಲ. ಕೆಂಪು ಬಾಲ್‌ಪೆನ್ನು ತೆಗೆದುಕೊಂಡು ಪುಟಪುಟದಲ್ಲೂ ಕುಂಕುಮ ಇಡುತ್ತಾ ಹೋದರು. ಗೌರವ್ವ ಕೂದಲು ಕತ್ತರಿಸಿಕೊಂಡ ಭಾಗ ಬಂದಾಗ ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಮೂರನೇ ದಿನ ಕರಿ ಪೆನ್ನಿನಿಂದ ಜಡೆ ಬರೆದರು. ಅಜ್ಜ ಬೇಡವೆಂದ ಸಾರು ತಮ್ಮ ಕೈಯಲ್ಲಾದರೂ ಸರಿಬರಲಿ ಎಂದು, ಒಂದು ರವಿವಾರ ನಮ್ಮನ್ನೆಲ್ಲ ಊಟಕ್ಕೆ ಕರೆದು, ಮನೆಯ ಶ್ಯಾವಿಗೆಯನ್ನು ಕೆಂಪು ಸಾರಿನಲ್ಲಿ ಕುದಿಸಿ ಬಟ್ಟಲಿಗೆ ಹಾಕಿ ಕೊಟ್ಟರು. ಅಲ್ಲಿ ಅಜ್ಜನ ಗುಟ್ಟು ಒಣಮೀನು. ನಮ್ಮದು ಶಾಕಾಹಾರಿ ಮನೆ. ಆ ಜಾಗಕ್ಕೆ ಕಡ್ಡಿಗಾಯಿ ಬಂದಿತ್ತು. ಕಡ್ಡಿಗಾಯಿ ಎಂದರೆ ಬಣ್ಣಕ್ಕೆ ಹೆಸರಾದ ನಮ್ಮ ಸುಕ್ಕು ಮೆಣಸಿನಕಾಯಿ. ಅದರಲ್ಲಿ ಖಾರ ಕಡಿಮೆ ಎಂದು ಹೇಳುವವರು ಅದನ್ನು ವೈನಿಯ ಪ್ರಮಾಣದಲ್ಲಿ ಹಾಕಿ ನೋಡಿಲ್ಲ. ಶ್ಯಾವಿಗೆ ಕರಗಿ ಅಂಟಾಗಿತ್ತು. ಅಣ್ಣ ಒಂದು ಗುಟುಕು ಕುಡಿದು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

“ಆ ಅಜ್ಜಂದೇನೂ ತಪ್ಪಿಲ್ಲ ಅನಸ್ತೈತಿ” ಎಂದ.

ಇಷ್ಟೆಲ್ಲ ನಡೆಯುವಾಗ ನಾನು ನಗುವವರ ಸಾಲಿನಲ್ಲಿದ್ದೆ. ಚಿತ್ರ ನೋಡಿ ಕಥೆ ತಿಳಿಯುವುದು ಅಂಗನವಾಡಿಯ ಕೆಲಸ ಎಂದು ನನ್ನ ಮತ. ವೈನಿಯ ಹುಚ್ಚು ಎಷ್ಟರದು ನೋಡಿಯೇ ಬಿಡೋಣ ಎಂದು ಮೊದಲ ಭಾಗವನ್ನು ಕೇಳಿ ತಂದೆ. ಸುಶಿಕ್ಷಿತನಾದ್ದರಿಂದ ಎಡಗಡೆಯಿಂದ ತೆರೆದೆ.

ಮೊದಲ ಪುಟದಲ್ಲೇ ಅಂಗಡಿ ಮುಚ್ಚಿತ್ತು. ಮುಂದೆ ಹುಡುಗಿ ಅಳುತ್ತಿದ್ದಳು. ಅದರ ಮುಂದೆ ಮೋರಿಯಲ್ಲಿದ್ದ ಸಾರು ಬಟ್ಟಲಿಗೆ ಬಂತು, ಬಟ್ಟಲಿನಿಂದ ಪಾತ್ರೆಗೆ ಹೋಯಿತು. ಉತ್ತರಗಳು ಮೊದಲು ಬಂದು, ಪ್ರಶ್ನೆಗಳು ಆಮೇಲೆ ಬಂದವು. ಕೊನೆಗೆ ಹೋದ ರೈಲು ನಿಲ್ದಾಣಕ್ಕೆ ಮರಳಿ ಬಂತು, ಪುಸ್ತಕ ಮುಗಿಯಿತು. ನನಗೆ ಏನೇನೂ ತಿಳಿಯಲಿಲ್ಲ. ನಮ್ಮಂಥ ಪಂಡಿತರ ಸ್ವಭಾವ ನಿಮಗೆ ಗೊತ್ತಲ್ಲ? ತಿಳಿಯದಿದ್ದರೆ ಅದು ದೊಡ್ಡ ಕೃತಿಯೇ ಇರಬೇಕು. ಒಂದು ವಾರ ಧ್ಯಾನಿಸಿ ‘ಕಾಲದ ಹಿಮ್ಮುಖ ನಡಿಗೆ’ ಎಂದು ಪ್ರಬಂಧ ಬರೆದೆ. ರಾಣೆಬೆನ್ನೂರಿನ ನಮ್ಮ ಸಾಹಿತ್ಯ ಬಳಗದ ರವಿವಾರದ ಸಭೆಯಲ್ಲಿ ಅದನ್ನು ಓದಿದೆ. ಸುರಿದ ಸಾರು ಪಾತ್ರೆಗೆ ಮರಳುವುದು ಕರ್ಮದ ಗಂಟು ಬಿಚ್ಚುವುದರ ಸಂಕೇತ ಎಂದೆ. ಹುಟ್ಟಿನ ಕಡೆಗೆ ನಡೆಯುವ ಕಥನ ಎಂದೆ. ಮುಂದಿನ ಸಾಲಿನವರು ತಲೆದೂಗಿದರು. ಒಬ್ಬರು ಬರೆದುಕೊಂಡರು.

ರಾಣೆಬೆನ್ನೂರು ವೈನಿಯ ತವರು. ಅಂದು ಅಲ್ಲಿಗೆ ಬಂದವರು, ಮೈದುನ ಭಾಷಣ ಮಾಡುತ್ತಾನೆಂದು ತಂಗಿಯನ್ನು ಕರೆದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪ್ರಶ್ನೆ ಇದ್ದವರು ಕೇಳಬಹುದು ಎಂದದ್ದೇ ತಡ, ಎದ್ದು ನಿಂತರು.

“ಮಾಸ್ತರ, ಅದು ಕಾಲ ಹಿಂದಕ್ಕ ಹೋಗಿದ್ದಲ್ಲ. ನೀ ಪುಸ್ತಕ ಉಲ್ಟಾ ಹಿಡದೀದಿ.”

ವೈನಿ ಮುಂದೆ ಬಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಲಗಡೆಯಿಂದ ತೆರೆದು ಎಲ್ಲರಿಗೂ ತೋರಿಸಿದರು. ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಹೆಡ್ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಂಗಾದ್ರ ಕಾರ್ಯಕ್ರಮಾನೂ ಹಿಂದಿನಿಂದ ಮಾಡೂಣಂತ. ಈಗ ವಂದನಾರ್ಪಣಿ ಆಗ್ಲಿ, ಚಹಾ ಆಗ್ಲಿ. ಭಾಷಣಾ ಮುಂದ ಯಾವಾಗರ ಕೇಳೂಣು.”

ಸಭೆ ಮುಗಿದ ಮೇಲೆ ವೈನಿ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲಿಗೆ ಕರೆದುಕೊಂಡು ಹೋಗಿ ಮಂಡಕ್ಕಿ ಮಿರ್ಚಿ ಕೊಡಿಸಿದರು. ಮುಖ ಕೆಟ್ಟವರಿಗೆ ನಮ್ಮ ಕಡೆ ಇದೇ ಔಷಧ. ನಾನು ಮೊದಲ ಮಿರ್ಚಿ ಮುಗಿಸುವಷ್ಟರಲ್ಲಿ ಅವರು ಮೇಜಿನ ಮೇಲೆ ಪುಸ್ತಕ ಬಿಚ್ಚಿದ್ದರು.

“ಬಲಗಡಿಂದ ಎಡಕ್ಕ ಬಾ. ಮ್ಯಾಲಿಂದ ಕೆಳಗ ಇಳಿ. ಹೂಂ, ಓದು.”

ಓದಿದೆ. ಹುಡುಗಿಯೂ ಮುದುಕನೂ ಆಡುವ ಮಾತು ಕಡಿಮೆ ಇದ್ದುದರಿಂದ ಸರಸರನೆ ಮುಂದೆ ಹೋದೆ. ಒಂದು ಪುಟದಲ್ಲಿ ಮಾತೇ ಇರಲಿಲ್ಲ. ಅದನ್ನು ದಾಟುವಷ್ಟರಲ್ಲಿ ವೈನಿ ಪುಟದ ಮೇಲೆ ಅಂಗೈ ಇಟ್ಟರು.

“ಎಲ್ಲಿಗೆ ಓಡ್ತಿ? ಇಲ್ಲೆ ಏನೇನ್ ನೋಡಿದಿ ಹೇಳು.”

“ರೈಲು ಹೋತು. ಹುಡುಗಿ ನಿಂತಾಳ.”

“ಅಕೀ ಕಾಲಾಗಿನ ಬೂಟ್ ನೋಡು.”

ನೋಡಿದೆ. ಬೂಟು ತೋಯ್ದಿದ್ದವು. ಒಂದರ ಲಾಡಿ ಬಿಚ್ಚಿ ಕೆಸರಿನಲ್ಲಿ ಎಳೆದಾಡಿತ್ತು. ಅಂದರೆ ಆಕೆ ಮಳೆಯಲ್ಲಿ ದೂರದಿಂದ ಓಡಿ ಬಂದಿದ್ದಳು. ಲಾಡಿ ಕಟ್ಟಿಕೊಳ್ಳಲು ನಿಂತಿದ್ದರೆ ರೈಲು ಹೋಗಿಬಿಡುತ್ತದೆ ಎಂದು ನಿಲ್ಲದೆ ಓಡಿದ್ದಳು. ಆದರೂ ರೈಲು ಹೋಗಿತ್ತು. ಈ ಒಂದೂ ಮಾತನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಕೆಳಗಿನ ಚೌಕದಲ್ಲಿ ದೂರಕ್ಕೆ ಒಂದು ಅಂಗಡಿಯ ದೀಪ, ಅದರ ಮೇಲೆ ತೆಳ್ಳಗೆ ಏಳುವ ಹಬೆ. ನಾನು ಆ ಹಬೆಯನ್ನು ನೋಡುತ್ತ ಕುಳಿತೆ. ಎರಡನೆಯ ಮಿರ್ಚಿ ತಣ್ಣಗಾಯಿತು. ಹಾವೇರಿಯ ಬಸ್ಸು ಬಂದು, ಕೂಗಿ, ಹೋಯಿತು.

ಹೀಗೆ ನನಗೆ ಮಾಂಗಾ ಹತ್ತಿತು. ಕುಂಕುಮ, ಜಡೆಗಳಿಲ್ಲದ ಗೌರವ್ವನನ್ನು ನೋಡಬೇಕೆಂದು ನನ್ನದೇ ಪ್ರತಿಗಳನ್ನು ತರಿಸತೊಡಗಿದೆ. ಹೊಸ ಭಾಗ ಬಂದರೆ ಇಬ್ಬರೂ ಒಂದೇ ಸಲ ಓದಬೇಕು, ಕೊನೆಯನ್ನು ಮೊದಲೇ ಇಣುಕಬಾರದು ಎಂದು ವೈನಿಯೇ ಕರಾರು ಹಾಕಿದರು. ಅವರ ಬಾಯಿಂದ ಆ ಮಾತು ಕೇಳಿ ಅಣ್ಣ ನನ್ನ ಮುಖ ನೋಡಿದ. ಕಾಲೇಜಿಗೆ ಒಯ್ಯುವಾಗ ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಿ ಮೇಲೆ ‘ಹಳಗನ್ನಡ ವ್ಯಾಕರಣ’ ಎಂದು ಬರೆದುಕೊಂಡೆ. ಬೇರೆ ಯಾವ ಹೆಸರೂ ಇಷ್ಟು ರಕ್ಷಣೆ ಕೊಡುವುದಿಲ್ಲ. ಆ ಹೆಸರಿನ ಪುಸ್ತಕವನ್ನು ಯಾರೂ ಕೇಳಿ ಒಯ್ಯುವುದಿಲ್ಲ. ಆದರೂ ನಾನು ಪುಟ ಮಗುಚುವ ರೀತಿಯನ್ನು ಗಮನಿಸುತ್ತಿದ್ದ ಇತಿಹಾಸದ ಉಪನ್ಯಾಸಕರು ಒಂದು ದಿನ ಹತ್ತಿರ ಬಂದು ಕೇಳಿದರು.

“ಸರ, ಉರ್ದು ಕಲ್ಯಾಕತ್ತೀರೇನ್ರಿ?”

ಹೌದು ಎಂದೆ. ಮರುದಿನ ಅವರು ತಮ್ಮ ಮನೆಯಲ್ಲಿದ್ದ ಹಳೆಯ ಉರ್ದು ಕಾಗದವೊಂದನ್ನು ತಂದು, ಇದನ್ನೊಂದಿಷ್ಟು ಓದಿ ಹೇಳ್ರಿ ಎಂದರು. ಆ ತಿಂಗಳು ನಾನು ಸ್ಟಾಫ್ ರೂಮಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಕಳೆದ ವರ್ಷ ಮಾರುಕಟ್ಟೆಗೆ ಮೆಣಸಿನಕಾಯಿ ತುಂಬಿ ಬರುವ ಹೊತ್ತಿನಲ್ಲಿ ಕಥೆಯ ಕೊನೆಯ ಭಾಗ ಬಂತು. ನಾನು ಇನ್ನೂ ಪೊಟ್ಟಣ ಒಡೆದಿರಲಿಲ್ಲ. ವೈನಿಯ ಫೋನು ಬಂತು.

“ಈ ಸಲ ಪುಸ್ತಕ ಪೂರಾ ಹಾಳ ಮಾಡ್ಯಾರ ಮಾಸ್ತರ. ಪುಟದ ತುಂಬ ಮಸಿ ಚೆಲ್ಯಾರ. ಕರಿ ದಾರದಂಗ ಬಿದ್ದೈತಿ, ಕೈಲೆ ಒರಸಿದ್ರ ಹೋಗವಲ್ದು. ಕಂಪನಿಯವರಿಗೆ ಚಂದಂಗ ಒಂದ್ ಕಾಗದಾ ಬರಿ. ನಿನ್ನ ಪುಸ್ತಕದಾಗೂ ಹಂಗ ಐತೇನು ನೋಡು.”

ಪೊಟ್ಟಣ ಒಡೆದು ಮೊದಲ ಪುಟಗಳನ್ನಷ್ಟೇ ನೋಡಿದೆ. ನನ್ನದರಲ್ಲಿ ಮಸಿ ಇರಲಿಲ್ಲ. ನನ್ನ ಪ್ರತಿಯನ್ನೇ ಅವರಿಗೆ ಕೊಟ್ಟರಾಯಿತು ಎಂದು ರವಿವಾರ ಬ್ಯಾಡಗಿಗೆ ಹೋದೆ. ವೈನಿ ತಮ್ಮ ಪುಸ್ತಕ ತಂದು ಬಿಚ್ಚಿ ತೋರಿಸಿದರು.

“ಇಲ್ಲೆ ನೋಡು. ಈ ಗುಡ್ಡದ ಮ್ಯಾಲೆ.”

ನೋಡಿದೆ. ಗುಡ್ಡದ ಮೇಲೆ ಹಿಮ ಬಿದ್ದಿತ್ತು. ಪುಟ ಬಿಳಿಯಾಗಿತ್ತು.

ನಾನು ನನ್ನ ಪ್ರತಿಯಲ್ಲಿ ಅದೇ ಪುಟ ಬಿಚ್ಚಿ ಅವರ ಮುಂದೆ ಇಟ್ಟೆ. ವೈನಿ ಬಗ್ಗಿ ನೋಡಿದರು. ಕೈಯಿಂದ ಒರೆಸಿದರು. ಇನ್ನೊಮ್ಮೆ ಒರೆಸಿದರು.

“ಇದರಾಗೂ ಐತಲ್ಲೋ” ಎಂದರು. ಆಮೇಲೆ ತಲೆಯೆತ್ತಿ ಗೋಡೆ ನೋಡಿದರು. ಗೋಡೆಯ ಮೇಲೂ ಅದು ಇತ್ತೆಂದು ಅವರ ಮುಖ ಹೇಳಿತು.

ವೈನಿಗೆ ಸಕ್ಕರೆ ಕಾಯಿಲೆ ಹಳೆಯದು. ಕಣ್ಣು ಮಂಜಾದಾಗಲೆಲ್ಲ ಮೆಣಸಿನಕಾಯಿಯ ಧೂಳು ಎಂದು ತಣ್ಣೀರು ಹಾಕಿಕೊಂಡು ಸುಮ್ಮನಿದ್ದರು, ನಾವೂ ಸುಮ್ಮನಿದ್ದೆವು. ಮರುದಿನ ಅಣ್ಣನೂ ನಾನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಕಣ್ಣಿನ ಒಳಪರದೆಯಲ್ಲಿ ರಕ್ತ ಸೋರಿದೆ, ಆ ಕಪ್ಪು ದಾರ ಅದೇ ಎಂದರು ಡಾಕ್ಟರು. ಲೇಸರ್ ಆಯಿತು, ಎಡಗಣ್ಣಿಗೆ ಆಪರೇಶನ್ ಆಯಿತು. ಎಡಗಣ್ಣು ಮಬ್ಬಾಗಿಯೇ ಉಳಿಯಿತು. ಬಲಗಣ್ಣಿಗೆ ಮನುಷ್ಯರು ಕಾಣುತ್ತಾರೆ, ಬಾಗಿಲು ಕಿಟಕಿ ಕಾಣುತ್ತವೆ. ಅಕ್ಷರ ಕಾಣುವುದಿಲ್ಲ, ಸಣ್ಣ ಗೆರೆ ಕಾಣುವುದಿಲ್ಲ. ಮುಂದೆ ಸುಧಾರಿಸಬಹುದು ಎಂದಿದ್ದಾರೆ.

ಮನೆಗೆ ಬಂದ ಮೇಲೆ ಶೆಡ್ಡಿನ ಹೆಣ್ಣುಮಕ್ಕಳು ಮಾತಾಡಿಸಲು ಬಂದರು. ಹೋಗುವಾಗ ಆ ಹಿರಿಯಳು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು.

“ಅಕ್ಕಾರ, ಗೌರವ್ವ ಹೆಂಗದಾಳ್ರಿ?”

“ಊರಿಗೆ ಹೋಗ್ಯಾಳವ್ವ. ಬಂದಮ್ಯಾಲೆ ಹೇಳ್ತೇನಿ” ಎಂದರು ವೈನಿ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಮುಂದಿನ ರವಿವಾರ ನಾನು ಕೊನೆಯ ಭಾಗವನ್ನು ತೆಗೆದುಕೊಂಡು ಹೋಗಿ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ. ನಾನೂ ಅದನ್ನು ಓದಿರಲಿಲ್ಲ. ಅಣ್ಣ ಬಾಗಿಲ ಹತ್ತಿರ ನಿಂತ. ನಾನು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ.

“ಹಿಮಾಚ್ಛಾದಿತ ಗಿರಿಶಿಖರಗಳ ನಡುವೆ, ನಿರ್ಜನ ನಿಲ್ದಾಣದ ಮೌನದಲ್ಲಿ...”

“ಮಾಸ್ತರ, ಕ್ಲಾಸ್ ತಗೋಬ್ಯಾಡ. ಏನ್ ಐತಿ ಅಷ್ಟ ಹೇಳು.”

ಏನಿದೆಯೋ ಅಷ್ಟನ್ನೇ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಯಲು ಎರಡು ಮೂರು ರವಿವಾರ ಹಿಡಿಯಿತು. ಕೊನೆಯ ಅಧ್ಯಾಯ ಮುಟ್ಟುವ ಹೊತ್ತಿಗೆ ಹೀಗೆ ಹೇಳಬಲ್ಲವನಾಗಿದ್ದೆ.

“ಗುಡ್ಡ ಐತ್ರಿ. ಹಿಮಾ ಬಿದ್ದೈತಿ. ಪ್ಲಾಟ್‌ಫಾರ್ಮಿನ್ಯಾಗ ಯಾರೂ ಇಲ್ಲ.”

“ಅಂಗಡಿ ದೀಪ?”

“ಹತ್ತೈತಿ.”

“ಅಜ್ಜ ಎಲ್ಲದಾನ?”

“ಒಳಗ ಹಾಸಿಗ್ಯಾಗ ಮಲಗ್ಯಾನ. ಭಾಳ ಇಳದಾನ್ರಿ. ಕೈಯಾಗಿನ ನರ ಕಾಣ್ತಾವು.”

ವೈನಿ ಹೂಂ ಎನ್ನುತ್ತ, ನಡುನಡುವೆ ತಡೆದು ಕೇಳುತ್ತ, ಕಣ್ಣನ್ನು ಕಿಟಕಿಯ ಬೆಳಕಿನ ಕಡೆ ಇಟ್ಟುಕೊಂಡು ಕುಳಿತಿದ್ದರು. ಗೌರವ್ವ ಸಾರು ಮಾಡಿದಳು. ಬಟ್ಟಲಿಗೆ ಹಾಕಿದಳು. ಎರಡೂ ಕೈಯಲ್ಲಿ ಹಿಡಿದುಕೊಂಡು ಮುದುಕನ ಹಾಸಿಗೆಯ ಹತ್ತಿರ ಹೋಗಿ ಕುಳಿತಳು. ಮುದುಕ ಎದ್ದು ಕುಳಿತ. ಬಟ್ಟಲನ್ನು ಮೂಗಿನ ಹತ್ತಿರ ಒಯ್ದ. ನಾನು ಪುಟ ಮಗುಚಿದೆ.

ಅಲ್ಲಿ ಮುದುಕ ಇರಲಿಲ್ಲ, ಬಟ್ಟಲು ಇರಲಿಲ್ಲ. ಎರಡು ಪುಟ ತುಂಬ ಗೌರವ್ವನ ಮುಖ ಒಂದೇ ಇತ್ತು. ಒಂದು ಅಕ್ಷರವೂ ಇಲ್ಲ.

“ಯಾಕ, ಏನಾತು?” ಎಂದರು ವೈನಿ.

“ಗೌರವ್ವನ ಮುಖ ಅಷ್ಟ ಐತ್ರಿ.”

“ಹೆಂಗೈತಿ?”

ಹೆಂಗೈತಿ? ನವರಸಗಳನ್ನು ಉದಾಹರಣೆ ಸಹಿತ ವಿವರಿಸಿ ಎಂದು ಮಕ್ಕಳಿಗೆ ಪ್ರಶ್ನೆ ಕೊಡುವವನು ನಾನು. ಆ ಮುಖಕ್ಕೆ ಹೊಂದುವ ಒಂದು ಮಾತೂ ನನ್ನ ಬಳಿ ಇರಲಿಲ್ಲ. ಸಂತೋಷ ಎಂದರೆ ಸುಳ್ಳಾಗುತ್ತಿತ್ತು. ಅಳು ಎಂದರೂ ಸುಳ್ಳೇ. ಬಾಯಿ ತುಸು ತೆರೆದಿತ್ತು. ಹುಬ್ಬು ಮೇಲಕ್ಕೆ ಹೋಗಿ ಅಲ್ಲೇ ನಿಂತಿದ್ದವು. ಮಾತಿಗಾಗಿ ತಡಕಾಡುತ್ತ ನಾನು ತಲೆಯೆತ್ತಿದೆ. ವೈನಿ ಮಂಚದ ಮೇಲೆ ಮುಂದಕ್ಕೆ ಬಾಗಿ, ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ದನಿ ಬರುವ ಕಡೆಗೆ ಮುಖ ಮಾಡಿ ಕಾಯುತ್ತಿದ್ದರು.

“ಈಗ ನಿಮ್ಮ ಮುಖ ಹೆಂಗೈತಿ, ಹಂಗ ಐತ್ರಿ ವೈನಿ.”

ವೈನಿ ಕೈಯೆತ್ತಿ ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು. ಬಾಯಿಯ ಅಂಚಿನ ಮೇಲೆ ಬೆರಳು ಆಡಿಸಿದರು. ಹುಬ್ಬನ್ನೂ ಮುಟ್ಟಿಕೊಂಡರು.

“ಹಂಗಾರ ಅಜ್ಜ ಕುಡದಾನ” ಎಂದರು.

ನಾನು ಪುಟ ಮಗುಚಿದೆ. ಬಟ್ಟಲು ಖಾಲಿಯಾಗಿತ್ತು.